ಅಮೆರಿಕದ ಏರ್‌ಲೈನ್‌ಗಳಲ್ಲಿ ರಿಸರ್ವ್ ಡ್ಯೂಟಿ, ಹೆಚ್ಚುವರಿ ಟ್ರಿಪ್‌ನ ದುಡ್ಡು: ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ಏರ್‌ಲೈನ್‌ಗೆ ಹೊಸದಾಗಿ ಸೇರಿದ ಪೈಲಟ್‌ಗಳು ಪದೇಪದೇ ಕೇಳುವ ಪ್ರಶ್ನೆ ಎರಡೇ. ಒಂದು, ‘ರಿಸರ್ವ್‌ನಲ್ಲಿ ಇದ್ದೇನೆ (ಅಂದರೆ ಕರೆದಾಗ ಹೋಗಲು ಕಾಯುವ ಡ್ಯೂಟಿ), ನನ್ನನ್ನು ಎಷ್ಟು ಹೊತ್ತಿನವರೆಗೆ ದುಡಿಸಬಹುದು?’ ಇನ್ನೊಂದು, ‘ರಜೆಯ ದಿನ ಒಂದು ಟ್ರಿಪ್ ಹೆಚ್ಚಿಗೆ ಹಾರಿದೆ, ಸಂಬಳ ಯಾಕೆ ಏರಲಿಲ್ಲ?’

ಮೊದಲ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ, ಎರಡನೆಯದಕ್ಕೆ ಕಾಂಟ್ರಾಕ್ಟ್‌ನಲ್ಲಿ. ಇವೆರಡನ್ನೂ ಒಂದೇ ಪುಸ್ತಕ ಅಂದುಕೊಂಡವರೇ ಹೆಚ್ಚಾಗಿ ಎಡವುವುದು. ಕಾನೂನು ಎಂದರೆ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ ನಿಯಮಗಳ 117ನೇ ಭಾಗ. 2009ರ ಫೆಬ್ರುವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಪೈಲಟ್‌ಗಳ ದಣಿವಿನ ಚರ್ಚೆ ಜೋರಾಯಿತು. ಹೊಸ ನಿಯಮ 2014ರ ಜನವರಿ 4ರಿಂದ ಜಾರಿಗೆ ಬಂತು. ನೀವು ಹಾರಬಹುದೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು. ದುಡ್ಡಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಅಮೆರಿಕದ ಸಾಮಾನ್ಯ ಓವರ್‌ಟೈಮ್ ಕಾನೂನು ಕೂಡ ಏರ್‌ಲೈನ್ ಪೈಲಟ್‌ಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಒಂದೂವರೆ ಪಟ್ಟು, ಎರಡು ಪಟ್ಟು ಎಂಬುದೆಲ್ಲ ನಿಮ್ಮ ಯೂನಿಯನ್ ಮತ್ತು ಕಂಪನಿ ಸೇರಿ ಬರೆದ ಕಾಂಟ್ರಾಕ್ಟ್‌ನ ಮಾತು.

ಒಂದು ಮಿತಿ ಮೊದಲೇ ಹೇಳಿಬಿಡುತ್ತೇವೆ. 117ನೇ ಭಾಗ ಪ್ರಯಾಣಿಕರ ವಿಮಾನಗಳಿಗೆ ಮಾತ್ರ. ಬರೀ ಸರಕು ಸಾಗಿಸುವ ಕಂಪನಿಗಳು ತಾವಾಗಿ ಒಪ್ಪಿಕೊಂಡರೆ ಮಾತ್ರ ಅದರಡಿ ಬರುತ್ತವೆ, ಇಲ್ಲದಿದ್ದರೆ ಹಳೆಯ ನಿಯಮವೇ. ಕಾರ್ಗೋ ಪೈಲಟ್‌ಗಳು ಕೆಳಗಿನ ಮೊದಲ ನಾಲ್ಕು ಹಂತಗಳ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ.

ಕೈಯಲ್ಲಿ ಇರಬೇಕಾದದ್ದು

ನಿಮ್ಮ ಕಾಂಟ್ರಾಕ್ಟ್‌ನ ಷೆಡ್ಯೂಲಿಂಗ್, ರಿಸರ್ವ್ ಮತ್ತು ಸಂಬಳದ ಅಧ್ಯಾಯಗಳು. 117ನೇ ಭಾಗದ ‘ಬಿ’ ಕೋಷ್ಟಕದ ಪ್ರತಿ. ಕಳೆದ 28 ದಿನಗಳ ಡ್ಯೂಟಿ ದಾಖಲೆ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್. ಕಂಪನಿಯ ಆ್ಯಪ್ ಎಲ್ಲವನ್ನೂ ತೋರಿಸುತ್ತದೆ ನಿಜ. ಆದರೆ ಟ್ರಿಪ್ ಬದಲಾದಾಗ ಹಳೆಯ ಸಾಲು ಅಳಿಸಿಹೋಗುವ ಆ್ಯಪ್‌ಗಳೂ ಇವೆ, ಸ್ಕ್ರೀನ್‌ಶಾಟ್ ತೆಗೆದಿಡುವ ಅಭ್ಯಾಸ ಮಾಡಿಕೊಳ್ಳಿ.

1. ನಿಮ್ಮದು ಯಾವ ರಿಸರ್ವ್ ಎಂದು ಮೊದಲು ಗುರುತಿಸಿ

ತಿಂಗಳ ವೇಳಾಪಟ್ಟಿಯನ್ನು ಸೀನಿಯಾರಿಟಿ ಪ್ರಕಾರ ಬಿಡ್ ಮಾಡಿ ಪಡೆದವರು ಲೈನ್‌ಹೋಲ್ಡರ್‌ಗಳು; ಅವರಿಗೆ ಯಾವ ದಿನ ಯಾವ ಟ್ರಿಪ್ ಎಂಬುದು ಮುಂಚೆಯೇ ಗೊತ್ತು. ಉಳಿದವರಿಗೆ ರಿಸರ್ವ್. ಇಂಥ ದಿನ ಕರೆದರೆ ಬರಬೇಕು, ಅಷ್ಟೇ. ಇದರಲ್ಲಿ ಮೂರು ಬಗೆ.

ಏರ್‌ಪೋರ್ಟ್ ರಿಸರ್ವ್: ಯೂನಿಫಾರ್ಮ್ ಹಾಕಿಕೊಂಡು ನಿಲ್ದಾಣದಲ್ಲೇ ಕಾಯುವುದು. ಕೆಲವು ರೀಜನಲ್ ಏರ್‌ಲೈನ್‌ಗಳಲ್ಲಿ ಇದಕ್ಕೆ ರೆಡಿ ರಿಸರ್ವ್ ಅನ್ನುತ್ತಾರೆ. ಕೂತ ಪ್ರತಿ ನಿಮಿಷವೂ ಡ್ಯೂಟಿಯ ಲೆಕ್ಕಕ್ಕೆ ಸೇರುತ್ತದೆ.

ಶಾರ್ಟ್ ಕಾಲ್: ಮನೆಯಲ್ಲಿರಬಹುದು, ಆದರೆ ನಿಗದಿತ ಅವಧಿಯಲ್ಲಿ ಫೋನ್ ಎತ್ತಬೇಕು, ಕಾಂಟ್ರಾಕ್ಟ್ ಹೇಳಿದಷ್ಟು ಹೊತ್ತಿನಲ್ಲಿ ಹಾಜರಾಗಬೇಕು. ಈ ಅವಧಿಗೆ ರ‍್ಯಾಪ್ ಎಂದು ಹೆಸರು, ಅಂದರೆ ಕರೆಗೆ ಸಿಗಬೇಕಾದ ಹೊತ್ತು. ಒಂದು ರ‍್ಯಾಪ್ 14 ಗಂಟೆ ಮೀರುವಂತಿಲ್ಲ.

ಲಾಂಗ್ ಕಾಲ್: ಕರೆ ಬಂದ ಮೇಲೆ ಪೂರ್ತಿ ವಿಶ್ರಾಂತಿ ಪಡೆದು ಹೋಗುವಷ್ಟು ಮುನ್ಸೂಚನೆ ಇರುವ ರಿಸರ್ವ್. ಏರ್‌ಪೋರ್ಟ್ ಅಥವಾ ಶಾರ್ಟ್ ಕಾಲ್ ಎಂದು ಕಂಪನಿ ಸ್ಪಷ್ಟವಾಗಿ ಹೆಸರಿಸದಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಲಾಂಗ್ ಕಾಲೇ.

ಭಾರತದಲ್ಲಿ ಹಾರಿ ಬಂದವರಿಗೆ ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಮನೆಯಲ್ಲಿ ಕಾಯುವುದಕ್ಕೂ ಸ್ಟ್ಯಾಂಡ್‌ಬೈ, ನಿಲ್ದಾಣದಲ್ಲಿ ಕಾಯುವುದಕ್ಕೂ ಸ್ಟ್ಯಾಂಡ್‌ಬೈ. ಅಮೆರಿಕದ ನಿಯಮದಲ್ಲಿ ಆ ಪದ ನಿಲ್ದಾಣದ್ದಕ್ಕೆ ಮಾತ್ರ. ಷೆಡ್ಯೂಲಿಂಗ್‌ನವರ ಜೊತೆ ಮಾತಾಡುವಾಗ ‘ಸ್ಟ್ಯಾಂಡ್‌ಬೈ’ ಎಂದು ಬಾಯಿತಪ್ಪಿ ಅಂದರೆ ಇಬ್ಬರ ತಲೆಯಲ್ಲೂ ಬೇರೆ ಬೇರೆ ಲೆಕ್ಕ ಓಡುತ್ತದೆ.

2. ಶಾರ್ಟ್ ಕಾಲ್ ಆದರೆ ಗಡಿಯಾರವನ್ನು ರ‍್ಯಾಪ್ ಶುರುವಾದಾಗಿನಿಂದ ಎಣಿಸಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ, ನಿಧಾನವಾಗಿ ಓದಿ.

ಎಫ್‌ಡಿಪಿ ಎಂದರೆ ಹಾರಾಟದ ಡ್ಯೂಟಿ ಅವಧಿ. ನೀವು ರಿಪೋರ್ಟ್ ಮಾಡಿದ ಕ್ಷಣಕ್ಕೆ ಶುರು, ಕೊನೆಯ ಹಾರಾಟ ಮುಗಿಸಿ ವಿಮಾನ ನಿಲ್ಲಿಸಿದಾಗ ಮುಕ್ತಾಯ. ಇದು ಎಷ್ಟು ಉದ್ದ ಇರಬಹುದು ಎಂಬುದು ‘ಬಿ’ ಕೋಷ್ಟಕದಲ್ಲಿದೆ: ರಿಪೋರ್ಟ್ ಸಮಯ ಮತ್ತು ಎಷ್ಟು ಹಾರಾಟ ಎಂಬುದರ ಮೇಲೆ 9ರಿಂದ 14 ಗಂಟೆ. ಬೆಳಿಗ್ಗೆ 7ರಿಂದ 11:59ರ ಒಳಗೆ ರಿಪೋರ್ಟ್ ಮಾಡಿ ಒಂದೋ ಎರಡೋ ಹಾರಾಟವಿದ್ದರೆ 14. ನಡುರಾತ್ರಿ 12ರಿಂದ 3:59ರ ಒಳಗಾದರೆ ಎಷ್ಟೇ ಹಾರಾಟವಿದ್ದರೂ 9. ನೋಡಬೇಕಾದದ್ದು ನಿಮ್ಮ ದೇಹ ಒಗ್ಗಿರುವ ಊರಿನ ಸಮಯ, ವಿಮಾನ ಇಳಿದ ಊರಿನದಲ್ಲ.

ಶಾರ್ಟ್ ಕಾಲ್‌ನಲ್ಲಿದ್ದವರಿಗೆ ಇದರ ಮೇಲೆ ಇನ್ನೊಂದು ಬೇಲಿ ಇದೆ. ಇಬ್ಬರೇ ಪೈಲಟ್‌ಗಳ ಮಾಮೂಲಿ ಹಾರಾಟದಲ್ಲಿ ರ‍್ಯಾಪ್ ಮತ್ತು ಎಫ್‌ಡಿಪಿ ಸೇರಿ, ರ‍್ಯಾಪ್ ಶುರುವಾದಾಗಿನಿಂದ, ಕೋಷ್ಟಕದ ಅಂಕಿಗೆ 4 ಗಂಟೆ ಕೂಡಿಸಿದ್ದು ಅಥವಾ 16 ಗಂಟೆ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟೇ.

ಲೆಕ್ಕ ಮಾಡಿ ನೋಡೋಣ. ನಿಮ್ಮ ರ‍್ಯಾಪ್ ಬೆಳಿಗ್ಗೆ 4ಕ್ಕೆ ಶುರು. 9 ಗಂಟೆಗೆ ಫೋನ್ ಬಂತು, ಮಧ್ಯಾಹ್ನ 12ಕ್ಕೆ ರಿಪೋರ್ಟ್, ಎರಡು ಹಾರಾಟ. ಕೋಷ್ಟಕದಲ್ಲಿ 13 ಗಂಟೆ. ಬರೀ ಅದನ್ನು ನೋಡಿದರೆ ರಾತ್ರಿ 1ರವರೆಗೆ ಹಾರಬಹುದು ಅನ್ನಿಸುತ್ತದೆ. ಆದರೆ 13ಕ್ಕೆ 4 ಕೂಡಿಸಿದರೆ 17, ಅದು 16ಕ್ಕಿಂತ ಹೆಚ್ಚು, ಹಾಗಾಗಿ 16. ಬೆಳಿಗ್ಗೆ 4ಕ್ಕೆ 16 ಕೂಡಿಸಿ: ರಾತ್ರಿ 8. ನಿಮ್ಮ ಡ್ಯೂಟಿ 8 ಗಂಟೆಗೆ ಮುಗಿಯಲೇಬೇಕು. ಕೋಷ್ಟಕ ಕೊಟ್ಟ 13 ಗಂಟೆಯಲ್ಲಿ ಐದು ಗಂಟೆ ಕೈಬಿಟ್ಟುಹೋಯಿತು.

ಇನ್ನೊಂದು. ರ‍್ಯಾಪ್ ಬೆಳಿಗ್ಗೆ 10ಕ್ಕೆ ಶುರು, ಸಂಜೆ 5:30ಕ್ಕೆ ರಿಪೋರ್ಟ್, ಮೂರು ಹಾರಾಟ. ಕೋಷ್ಟಕದಲ್ಲಿ 11. ಅದಕ್ಕೆ 4 ಕೂಡಿಸಿದರೆ 15, ಇಲ್ಲಿ 16ಕ್ಕಿಂತ ಇದೇ ಕಡಿಮೆ. ಬೆಳಿಗ್ಗೆ 10ಕ್ಕೆ 15 ಕೂಡಿಸಿದರೆ ರಾತ್ರಿ 1. ‘16 ಗಂಟೆ ನಿಯಮ’ ಎಂದು ಅರ್ಧ ಮಾತ್ರ ನೆನಪಿಟ್ಟುಕೊಂಡವರು ಇದನ್ನು 2 ಗಂಟೆ ಎಂದು ಲೆಕ್ಕ ಹಾಕುತ್ತಾರೆ.

ಹವಾಮಾನ, ದುರಸ್ತಿಯಂಥ ಅನಿರೀಕ್ಷಿತ ಕಾರಣ ಬಂದರೆ ಕ್ಯಾಪ್ಟನ್ ಮತ್ತು ಕಂಪನಿ ಇಬ್ಬರೂ ಒಪ್ಪಿ ಟೇಕಾಫ್‌ಗೆ ಮೊದಲು ಎರಡು ಗಂಟೆವರೆಗೆ ವಿಸ್ತರಿಸಬಹುದು. ಈ ಜಂಟಿ ಮಿತಿಗೂ ಅದು ಅನ್ವಯ. ಆದರೆ 30 ನಿಮಿಷ ಮೀರಿದ ವಿಸ್ತರಣೆ ಒಮ್ಮೆ ಆದರೆ, ಮುಂದಿನ 30 ಗಂಟೆಯ ಬಿಡುವು ಸಿಗುವವರೆಗೆ ಇನ್ನೊಮ್ಮೆ ಆಗದು.

ಡೆಡ್‌ಹೆಡ್ ವಿಷಯದಲ್ಲೂ ಗೊಂದಲವಿದೆ. ಡೆಡ್‌ಹೆಡ್ ಎಂದರೆ ಕಂಪನಿ ಕೆಲಸದ ಮೇಲೆ ಪ್ರಯಾಣಿಕರ ಸೀಟಿನಲ್ಲಿ ಹೋಗುವುದು. ಮೊದಲು ಡೆಡ್‌ಹೆಡ್ ಮಾಡಿ, ನಡುವೆ ವಿಶ್ರಾಂತಿ ಇಲ್ಲದೆ ಹಾರಿದರೆ ಆ ಹೊತ್ತು ಎಫ್‌ಡಿಪಿಯೊಳಗೇ ಬರುತ್ತದೆ, ಆದರೆ ಕೋಷ್ಟಕದಲ್ಲಿ ಒಂದು ಹಾರಾಟ ಎಂದು ಎಣಿಕೆಯಾಗುವುದಿಲ್ಲ. ಕೊನೆಯ ಹಾರಾಟ ಮುಗಿದ ಮೇಲೆ ಡೆಡ್‌ಹೆಡ್ ಮಾಡಿ ಬೇಸ್‌ಗೆ (ಕಂಪನಿ ನಿಮಗೆ ಗೊತ್ತುಮಾಡಿದ ಊರಿನ ನಿಲ್ದಾಣ) ಮರಳಿದರೆ ಅದು ಎಫ್‌ಡಿಪಿ ಅಲ್ಲ. ಹಾಗಾಗಿಯೇ ರಾತ್ರಿ 8ಕ್ಕೆ ಮುಗಿಯಬೇಕಾದವರನ್ನು 9:30ರ ವಿಮಾನದಲ್ಲಿ ಕೂರಿಸಿ ಮನೆಗೆ ಕಳಿಸುವುದು ಸಾಧ್ಯ.

3. ಲಾಂಗ್ ಕಾಲ್ ಆದರೆ ವಿಶ್ರಾಂತಿ ಯಾವಾಗ ಶುರುವಾಯಿತು ಎಂದು ಕೇಳಿ ಬರೆದುಕೊಳ್ಳಿ

ಯಾವುದೇ ರಿಸರ್ವ್ ಅಥವಾ ಎಫ್‌ಡಿಪಿಗೆ ಮೊದಲು 10 ಗಂಟೆ ನಿರಂತರ ವಿಶ್ರಾಂತಿ ಬೇಕು, ಅದರೊಳಗೆ 8 ಗಂಟೆ ಅಡ್ಡಿಯಿಲ್ಲದ ನಿದ್ದೆಗೆ ಅವಕಾಶವಿರಬೇಕು. ಲಾಂಗ್ ಕಾಲ್‌ನವರನ್ನು ಶಾರ್ಟ್ ಕಾಲ್‌ಗೆ ಬದಲಿಸಬೇಕಾದರೂ ಇದೇ 10 ಗಂಟೆ ಕೊಟ್ಟು ಬದಲಿಸಬೇಕು. ಕೊಟ್ಟ ಡ್ಯೂಟಿ ಬೆಳಗಿನ ಜಾವ 2ಕ್ಕೆ ಮೊದಲೇ ಶುರುವಾಗಿ, 2ರಿಂದ 5:59ರ ಹೊತ್ತಿನೊಳಗೆ ಹೋಗುವಂತಿದ್ದರೆ, ರಿಪೋರ್ಟ್‌ಗೆ 12 ಗಂಟೆ ಮುಂಚೆ ತಿಳಿಸಬೇಕು.

ವಿಶ್ರಾಂತಿ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಬೇಕು ಎಂದು ನಿಯಮ ಹೇಳುತ್ತದೆ. ‘ಬೆಳಿಗ್ಗೆಯಿಂದ ನಿಮಗೆ ಯಾರೂ ಫೋನ್ ಮಾಡಿಲ್ಲವಲ್ಲ, ಅದೇ ನಿಮ್ಮ ವಿಶ್ರಾಂತಿ’ ಎಂದು ಸಂಜೆ ಹೇಳಿದರೆ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಫೋನ್ ಎತ್ತುವ ಬಾಧ್ಯತೆ ನಿಮಗಿತ್ತು ಎಂದರೆ ಅದು ವಿಶ್ರಾಂತಿಯೇ ಅಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಶಾರ್ಟ್ ಕಾಲ್‌ನಲ್ಲಿರುವ ನಿಮಗೆ ಬೆಳಿಗ್ಗೆ 6ಕ್ಕೆ ಫೋನ್ ಮಾಡಿ, ‘ಈಗಿನಿಂದ ನೀವು ವಿಶ್ರಾಂತಿಯಲ್ಲಿದ್ದೀರಿ, ರಾತ್ರಿ 8ಕ್ಕೆ ರಿಪೋರ್ಟ್’ ಅನ್ನಬಹುದು. ಕಾನೂನಿನ ಪ್ರಕಾರ ಸರಿ. 10 ಗಂಟೆ ಮುಗಿದ ಕೂಡಲೇ ರ‍್ಯಾಪ್‌ನ ಹಳೆಯ ಗಡಿಯಾರ ಸತ್ತುಹೋಗುತ್ತದೆ, ರಾತ್ರಿ 8ಕ್ಕೆ ಎರಡು ಹಾರಾಟಕ್ಕೆ ಕೋಷ್ಟಕದ ಪೂರ್ತಿ 12 ಗಂಟೆ ಸಿಗುತ್ತದೆ. ಈ ಕೈಚಳಕಕ್ಕೆ ಕಡಿವಾಣ ಇದೆಯೋ ಇಲ್ಲವೋ ಎಂಬುದನ್ನು ಕಾಂಟ್ರಾಕ್ಟ್‌ನ ರಿಸರ್ವ್ ಅಧ್ಯಾಯದಲ್ಲಿ ಹುಡುಕಿ. ನಿದ್ದೆ ಮುಗಿಸಿ ಎದ್ದವರಿಗೆ ಬೆಳಿಗ್ಗೆ 6ಕ್ಕೆ ಮತ್ತೆ ಮಲಗಿ ಅಂದರೆ ಯಾರಿಗೆ ನಿದ್ದೆ ಬರುತ್ತದೆ? ರಾತ್ರಿ ಹೊತ್ತಿಗೆ ದಣಿದಿದ್ದರೆ ಹಾರುವಂತಿಲ್ಲ, ಹಾಗೆಂದು ಹೇಳುವುದು ಹಕ್ಕಷ್ಟೇ ಅಲ್ಲ, ಕರ್ತವ್ಯ ಕೂಡ. ಪ್ರತಿ ಹಾರಾಟಕ್ಕೂ ಮೊದಲು ‘ನಾನು ಡ್ಯೂಟಿಗೆ ಯೋಗ್ಯನಿದ್ದೇನೆ’ ಎಂದು ಸಹಿ ಹಾಕುವುದು ನೀವೇ.

4. ಹಿಂದಿರುಗಿ ನೋಡುವ ಲೆಕ್ಕ

ಹೆಚ್ಚುವರಿ ಟ್ರಿಪ್ ಹಿಡಿಯುವ ಮೊದಲು ಇವುಗಳನ್ನು ಪರೀಕ್ಷಿಸಿ: ಹಿಂದಿನ 168 ಗಂಟೆಗಳಲ್ಲಿ (ಏಳು ದಿನ) ಒಮ್ಮೆಯಾದರೂ 30 ಗಂಟೆ ನಿರಂತರ ಬಿಡುವು, 168 ಗಂಟೆಗಳಲ್ಲಿ ಎಫ್‌ಡಿಪಿ 60 ಗಂಟೆ, 672 ಗಂಟೆಗಳಲ್ಲಿ (28 ದಿನ) 190 ಮೀರಬಾರದು, ಹಾರಾಟದ ಸಮಯ 672 ಗಂಟೆಗಳಲ್ಲಿ 100, 365 ದಿನಗಳಲ್ಲಿ 1000 ಮೀರಬಾರದು. ಬಿಡ್ ತಿಂಗಳು ಹೊಸದಾಗಿ ಶುರುವಾದರೂ ಈ ಲೆಕ್ಕ ಸೊನ್ನೆಗೆ ಮರಳುವುದಿಲ್ಲ, ಜೊತೆಯಲ್ಲೇ ಉರುಳಿಕೊಂಡು ಬರುತ್ತದೆ.

30 ಗಂಟೆಯ ನಿಯಮ ಹೇಗೆ ಕಾಲಿಗೆ ತೊಡರುತ್ತದೆ ನೋಡಿ. ಸೋಮವಾರದಿಂದ ಗುರುವಾರದವರೆಗೆ ದಿನವೂ ಬೆಳಿಗ್ಗೆ 4ರಿಂದ ಸಂಜೆ 6ರವರೆಗೆ ರ‍್ಯಾಪ್. ಶುಕ್ರ, ಶನಿ, ಭಾನು ರಜೆ. ಶುಕ್ರವಾರ ರಾತ್ರಿ 8ಕ್ಕೆ ರಿಪೋರ್ಟ್ ಇರುವ, ಶನಿವಾರ ಸಂಜೆ 6ಕ್ಕೆ ಎರಡನೇ ಡ್ಯೂಟಿ ಶುರುವಾಗಿ ಭಾನುವಾರ ಬೆಳಗಿನ ಜಾವ 5ಕ್ಕೆ ಮುಗಿಯುವ ಟ್ರಿಪ್ ಹಿಡಿದಿರಿ. ಗುರುವಾರ ಸಂಜೆ 6ರಿಂದ ಶುಕ್ರವಾರ ರಾತ್ರಿ 8ಕ್ಕೆ 26 ಗಂಟೆ. ಟ್ರಿಪ್‌ನ ಎರಡೂ ಡ್ಯೂಟಿ ಶುರುವಾಗುವಾಗ ತೊಂದರೆಯಿಲ್ಲ, ಹಿಂದಿನ ವಾರಾಂತ್ಯದ ಬಿಡುವು 168 ಗಂಟೆಯೊಳಗೇ ಇದೆ. ಭಾನುವಾರ ಇಳಿದ ಮೇಲೆ ಸೋಮವಾರ ಬೆಳಿಗ್ಗೆ 4ಕ್ಕೆ 23 ಗಂಟೆ ವಿಶ್ರಾಂತಿ, ಅದೂ ಸರಿ. ಆದರೆ ಸೋಮವಾರ 4ರಿಂದ ಹಿಂದಕ್ಕೆ 168 ಗಂಟೆ ಎಣಿಸಿದರೆ ಎಲ್ಲೂ 30 ಗಂಟೆಯ ಬಿಡುವಿಲ್ಲ. ರ‍್ಯಾಪ್ ಶುರು ಮಾಡುವಂತಿಲ್ಲ. ಟ್ರಿಪ್ ಕಾನೂನುಬದ್ಧ, ಮರುದಿನದ ರಿಸರ್ವ್ ಅಲ್ಲ! ಆ ಸೋಮವಾರದ ಗ್ಯಾರಂಟಿ (ಹಾರದಿದ್ದರೂ ಸಿಗುವ ಖಚಿತ ಸಂಬಳ) ಕಡಿತವಾಗುತ್ತದೋ ಇಲ್ಲವೋ ಎಂಬುದು ಕಾಂಟ್ರಾಕ್ಟ್‌ಗೆ ಬಿಟ್ಟದ್ದು.

‘ಷೆಡ್ಯೂಲಿಂಗ್‌ನವರು ಕೊಟ್ಟರು, ನಾನು ಹೋದೆ’ ಎಂಬ ಸಮಜಾಯಿಷಿ ಇಲ್ಲಿ ಓಡುವುದಿಲ್ಲ. ಕಂಪನಿ ನೇಮಿಸಬಾರದು, ಪೈಲಟ್ ಒಪ್ಪಬಾರದು ಎಂದು ನಿಯಮ ಇಬ್ಬರ ಹೆಸರನ್ನೂ ಹೇಳಿದೆ.

5. ಟ್ರಿಪ್ ನಿಮ್ಮ ತನಕ ಬರುವ ದಾರಿ

ಯಾರೂ ಹಿಡಿಯದ ಟ್ರಿಪ್‌ಗಳ ರಾಶಿಗೆ ಓಪನ್ ಟೈಮ್ ಎಂದು ಹೆಸರು. ಕಾಯಿಲೆ ಬಿದ್ದವರದು, ತರಬೇತಿಗೆ ಹೋದವರದು, ಹವಾಮಾನದಿಂದ ಎಡವಟ್ಟಾದದ್ದು ಎಲ್ಲ ಅಲ್ಲಿಗೆ ಬೀಳುತ್ತದೆ. ಸಾಮಾನ್ಯವಾಗಿ ಮೊದಲು ಮಾಮೂಲಿ ದರಕ್ಕೆ ಬೇಕೆಂದವರಿಗೆ, ಆಮೇಲೆ ರಿಸರ್ವ್‌ಗಳಿಗೆ, ರಿಸರ್ವ್ ಸಾಲದಾದಾಗ ಪ್ರೀಮಿಯಂ ದರಕ್ಕೆ (ಮಾಮೂಲಿಗಿಂತ ಹೆಚ್ಚಿನ ದರ), ಅದಕ್ಕೂ ಯಾರೂ ಸಿಗದಿದ್ದರೆ ಸೀನಿಯಾರಿಟಿ ಪಟ್ಟಿಯ ತಳದಿಂದ ಬಲವಂತದ ನೇಮಕ. ಈ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ರಿಸರ್ವ್‌ಗಳೊಳಗೆ ಯಾರನ್ನು ಮೊದಲು ಕರೆಯಬೇಕು ಎಂಬುದಕ್ಕೂ ಬೇರೆ ಬೇರೆ ಪದ್ಧತಿಗಳಿವೆ: ಎಷ್ಟು ದಿನ ಉಳಿದಿದೆ, ಈ ತಿಂಗಳು ಯಾರು ಕಡಿಮೆ ಹಾರಿದ್ದಾರೆ, ಸೀನಿಯಾರಿಟಿ. ಮೂರು ದಿನ ಉಳಿದವರಿಗೆ ಮೂರು ದಿನದ ಟ್ರಿಪ್ ಕೊಡುವುದು ವಾಡಿಕೆ. ಹಾಗಾಗಿ ರಿಸರ್ವ್‌ನ ಕೊನೆಯ ದಿನದಲ್ಲಿರುವವರಿಗೆ ಬರುವುದು ಹೆಚ್ಚಾಗಿ ಹೋಗಿ ಬರುವ ಒಂದೇ ದಿನದ ಟ್ರಿಪ್.

ಬೇರೆ ಊರಿನಿಂದ ಬೇಸ್‌ಗೆ ವಿಮಾನದಲ್ಲಿ ಓಡಾಡುವವರು ಶಾರ್ಟ್ ಕಾಲ್‌ನ ದಿನ ಬೇಸ್‌ನಲ್ಲೇ ಇರಬೇಕು. ‘ಎರಡು ಗಂಟೆಯಲ್ಲಿ ಬರಬೇಕು’ ಎಂದಿದ್ದರೆ ಎರಡು ಗಂಟೆಯೇ, ಸೀಟು ಸಿಗಲಿಲ್ಲ ಎಂಬುದು ಕಾರಣವಾಗದು.

6. ಟ್ರಿಪ್‌ನ ಬೆಲೆ ಎಷ್ಟು ಗಂಟೆ?

ಬ್ಲಾಕ್ ಎಂದರೆ ವಿಮಾನ ಹೊರಟು ನಿಂತಷ್ಟು ಹೊತ್ತು. ಕ್ರೆಡಿಟ್ ಎಂದರೆ ಸಂಬಳಕ್ಕೆ ಲೆಕ್ಕ ಸಿಗುವ ಹೊತ್ತು. ಇವೆರಡು ಒಂದೇ ಅಲ್ಲ. ದಿನಕ್ಕೆ ಇಷ್ಟು ಕನಿಷ್ಠ, ಡ್ಯೂಟಿಯಲ್ಲಿ ಇಷ್ಟು ಗಂಟೆಗೆ ಒಂದು, ಬೇಸ್ ಬಿಟ್ಟು ಇಷ್ಟು ಗಂಟೆಗೆ ಒಂದು ಎಂಬ ಕನಿಷ್ಠ ಸೂತ್ರಗಳಿಗೆ ರಿಗ್ ಅನ್ನುತ್ತಾರೆ. ಇವುಗಳಲ್ಲಿ ದೊಡ್ಡದು ಯಾವುದೋ ಅದು ನಿಮ್ಮದು.

ಉದಾಹರಣೆಗೆ ನಾಲ್ಕು ದಿನದ ಟ್ರಿಪ್. ಬ್ಲಾಕ್ 16:30. ದಿನದ ಕನಿಷ್ಠ 5:15 ಎಂದಿಟ್ಟುಕೊಂಡರೆ 21:00. ಡ್ಯೂಟಿ 36 ಗಂಟೆ, ಎರಡಕ್ಕೆ ಒಂದರಂತೆ 18:00. ಬೇಸ್ ಬಿಟ್ಟು 80 ಗಂಟೆ, ಮೂರೂವರೆಗೆ ಒಂದರಂತೆ 22:51. ಸಿಗಬೇಕಾದದ್ದು 22:51. ಹಾಗೆಂದು ಸ್ಪ್ರೆಡ್‌ಶೀಟ್‌ನಲ್ಲಿ 22.51 ಎಂದು ಬರೆದರೆ ನಿಮ್ಮ ಕೈಯಾರೆ ನೀವೇ ಸುಮಾರು 20 ನಿಮಿಷ ಕಳೆದುಕೊಂಡಂತೆ; 51 ನಿಮಿಷ ಅಂದರೆ 0.85 ಗಂಟೆ. ಸೌತ್‌ವೆಸ್ಟ್‌ನಂಥ ಕಡೆ ಗಂಟೆಯ ಬದಲು ಟಿಎಫ್‌ಪಿ ಎಂಬ ಬೇರೆಯದೇ ಅಳತೆ, ಅಲ್ಲಿನ ಅಂಕಿಗಳನ್ನು ಬೇರೆ ಕಂಪನಿಯ ಗಂಟೆಯ ಜೊತೆ ನೇರವಾಗಿ ಹೋಲಿಸಬೇಡಿ.

7. ಪ್ರೀಮಿಯಂ: ‘ಗ್ಯಾರಂಟಿಯ ಮೇಲೆ’ ಎಂಬ ಎರಡು ಪದ ಹುಡುಕಿ

ರಿಸರ್ವ್ ಪೈಲಟ್‌ಗೆ ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಖಚಿತ, ಹಾರಲಿ ಬಿಡಲಿ. ಅದು ಗ್ಯಾರಂಟಿ. ಸಂಬಳ ಯಾಕೆ ಏರಲಿಲ್ಲ ಎಂಬ ಪ್ರಶ್ನೆಯ ಉತ್ತರ ಬಹುಪಾಲು ಇಲ್ಲೇ ಅಡಗಿರುತ್ತದೆ.

ಗ್ಯಾರಂಟಿ 75 ಗಂಟೆ, ಗಂಟೆಗೆ 100 ಡಾಲರ್ ಎಂದಿಟ್ಟುಕೊಳ್ಳಿ. ರಿಸರ್ವ್ ದಿನಗಳಲ್ಲಿ 52 ಗಂಟೆ ಕ್ರೆಡಿಟ್ ಆಯಿತು. ರಜೆಯಲ್ಲಿ 15 ಗಂಟೆಯ ಟ್ರಿಪ್ ಒಂದೂವರೆ ಪಟ್ಟಿಗೆ ಹಿಡಿದಿರಿ, ಅಂದರೆ 22.5. ಕಾಂಟ್ರಾಕ್ಟ್ ಹೇಗೆ ಬರೆದಿದೆ ಎಂಬುದರ ಮೇಲೆ ಮೂರು ಫಲಿತಾಂಶ ಸಾಧ್ಯ.

ಪೂರ್ತಿ ಮೊತ್ತ ಗ್ಯಾರಂಟಿಯ ಮೇಲೆ ಎಂದಿದ್ದರೆ 75ಕ್ಕೆ 22.5 ಸೇರಿ 97.5: 9,750 ಡಾಲರ್. ಮೂಲ 15 ಗಂಟೆ ಗ್ಯಾರಂಟಿಯೊಳಗೆ, ಹೆಚ್ಚುವರಿ ಅರ್ಧ ಮಾತ್ರ ಮೇಲೆ ಎಂದಿದ್ದರೆ, 52 ಮತ್ತು 15 ಸೇರಿ 67, ಗ್ಯಾರಂಟಿಗಿಂತ ಕಡಿಮೆ. ಹಾಗಾಗಿ 75ಕ್ಕೆ 7.5 ಸೇರಿ 8,250. ಎಲ್ಲವೂ ಗ್ಯಾರಂಟಿಯೊಳಗೇ ಎಂದಿದ್ದರೆ 52ಕ್ಕೆ 22.5 ಸೇರಿ 74.5, ಅದೂ 75ಕ್ಕೆ ಮುಟ್ಟಲಿಲ್ಲ. ಕೈಗೆ 7,500. ರಜೆ ಹೋಯಿತು, ಒಂದು ಡಾಲರ್ ಬರಲಿಲ್ಲ.

ಹೆಸರು ನೋಡಿ ಮೋಸಹೋಗಬೇಡಿ. ಡೆಲ್ಟಾದಲ್ಲಿ ಗ್ರೀನ್ ಸ್ಲಿಪ್ ಎಂದರೆ ದುಪ್ಪಟ್ಟು, ವೈಟ್ ಸ್ಲಿಪ್ ಎಂದರೆ ಮಾಮೂಲಿ ದರ. ಬೇರೆ ಕಡೆ ಬೇರೆ ಪದಗಳು. ಫೋನ್‌ನಲ್ಲಿ ಒಪ್ಪುವ ಮೊದಲೇ ಮೂರು ಮಾತು ಕೇಳಿ: ಯಾವ ಪೇ ಕೋಡ್ (ಯಾವ ದರಕ್ಕೆ ಸಂಬಳ ಎಂದು ತೋರಿಸುವ ಗುರುತು), ಗ್ಯಾರಂಟಿಯ ಮೇಲೋ ಒಳಗೋ, ಟ್ರಿಪ್ ರದ್ದಾದರೆ ಅಥವಾ ಬದಲಾದರೆ ಪ್ರೀಮಿಯಂ ಉಳಿಯುತ್ತದೋ. ‘ಹೂಂ’ ಅಂದ ಮೇಲೆ ಕೇಳಿದರೆ ಉತ್ತರ ಸಿಗುತ್ತದೆ, ಆಯ್ಕೆ ಸಿಗುವುದಿಲ್ಲ. ಆ್ಯಪ್‌ನಲ್ಲಿ ತಾನಾಗಿ ಟ್ರಿಪ್ ಬೀಳುವಂತೆ ವಿನಂತಿ ಇಟ್ಟಿದ್ದರೆ ಮಾಮೂಲಿ ದರದ ವಿನಂತಿಯನ್ನೂ ಪ್ರೀಮಿಯಂ ವಿನಂತಿಯನ್ನೂ ಒಟ್ಟಿಗೆ ಬಿಡಬೇಡಿ. ಮಾಮೂಲಿ ದರದ್ದೇ ಮೊದಲು ಬಿದ್ದು, ದುಪ್ಪಟ್ಟಿಗೆ ಹೋಗಬಹುದಾಗಿದ್ದ ಟ್ರಿಪ್ ಅರ್ಧ ಬೆಲೆಗೆ ನಿಮ್ಮ ಕೊರಳಿಗೆ ಬರುತ್ತದೆ.

8. ಪೇ ಸ್ಲಿಪ್ ಬಂದ ದಿನ

ಟ್ರಿಪ್ ಸಂಖ್ಯೆ, ಒಪ್ಪಿದ ಸಮಯ, ಮಾತಾಡಿದ ಷೆಡ್ಯೂಲರ್‌ನ ಹೆಸರು, ಪೇ ಕೋಡ್, ಬರಬೇಕಾದ ಗಂಟೆ. ಈ ಐದನ್ನು ಟ್ರಿಪ್ ಹಿಡಿದ ದಿನವೇ ಬರೆದಿಟ್ಟಿದ್ದರೆ ಪೇ ಸ್ಲಿಪ್ ಜೊತೆ ತಾಳೆ ನೋಡಲು ಹತ್ತು ನಿಮಿಷ ಸಾಕು. ಹೆಚ್ಚು ಕಾಣುವ ತಪ್ಪುಗಳು: ಪ್ರೀಮಿಯಂ ಕೋಡ್ ಬದಲು ಮಾಮೂಲಿ ಕೋಡ್, ಟ್ರಿಪ್ ಬದಲಾದಾಗ ಹೊಸ ಟ್ರಿಪ್‌ಗೆ ಕೋಡ್ ಹಿಂಬಾಲಿಸದೇ ಇರುವುದು, ತಿಂಗಳ ಕೊನೆಯಲ್ಲಿ ಶುರುವಾಗಿ ಮುಂದಿನ ತಿಂಗಳಲ್ಲಿ ಮುಗಿದ ಟ್ರಿಪ್ ಎರಡು ಕಡೆಗೂ ಸೇರದೇ ಉಳಿಯುವುದು.

ತಪ್ಪು ಕಂಡರೆ ಮೊದಲು ಕಂಪನಿಗೆ ಪೇ ಕ್ಲೇಮ್ ಹಾಕಿ, ಲಿಖಿತವಾಗಿ, ಕಾಂಟ್ರಾಕ್ಟ್‌ನ ಯಾವ ಕಲಮು ಎಂಬುದನ್ನು ನಮೂದಿಸಿ. ಅಲ್ಲಿ ಆಗದಿದ್ದರೆ ಯೂನಿಯನ್‌ನ ಷೆಡ್ಯೂಲಿಂಗ್ ಸಮಿತಿಯ ಮೂಲಕ ಗ್ರೀವೆನ್ಸ್ (ವಿಧಿವತ್ತಾದ ದೂರು), ಅದೂ ಬಗೆಹರಿಯದಿದ್ದರೆ ಕಾಂಟ್ರಾಕ್ಟ್ ವಿವಾದ ತೀರ್ಮಾನಿಸುವ ಸಿಸ್ಟಮ್ ಬೋರ್ಡ್. ಪ್ರತಿ ಹಂತಕ್ಕೂ ಕಾಂಟ್ರಾಕ್ಟ್‌ನಲ್ಲಿ ದಿನಗಳ ಗಡುವಿರುತ್ತದೆ, ಅದನ್ನು ಕ್ಲೇಮ್ ಹಾಕಿದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಹಾರಾಟ ಕಾನೂನು ಮೀರಿತ್ತು ಎಂದು ಆಮೇಲೆ ಗೊತ್ತಾದರೆ ಅದನ್ನು ಸಂಬಳದ ಕ್ಲೇಮ್‌ನೊಳಗೆ ಸೇರಿಸಬೇಡಿ. ಅದಕ್ಕೆ ಸುರಕ್ಷತಾ ವರದಿಯ ದಾರಿಯೇ ಬೇರೆ, ಅದರ ಗಡುವು ಇನ್ನೂ ಚಿಕ್ಕದು; ಮೊದಲು ಅದನ್ನು ಕಳಿಸಿ, ಆಮೇಲೆ ದುಡ್ಡಿನದು.